ಇಗ್ನಾಜ್ ಸೆಮ್ಮೆಲ್‌ವೈಸ್

ಇಗ್ನಾಜ್ ಫಿಲಿಪ್ ಸೆಮ್ಮೆಲ್‌ವೈಸ್ (ಜುಲೈ 1, 1818 – ಆಗಸ್ಟ್ 13, 1865) ಹಂಗೇರಿಯ ಪ್ರಸೂತಿ ವೈದ್ಯರು. ಹೆರಿಗೆಯ ನಂತರ ತಾಯಂದಿರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಬಾಣಂತಿ ಜ್ವರವು ವೈದ್ಯರ ಮತ್ತು ವಿದ್ಯಾರ್ಥಿಗಳ ಕೈಗಳ ಮೂಲಕ ಹರಡುತ್ತದೆ ಎಂಬುದನ್ನು 1847ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯೊಂದರಲ್ಲಿ ಕಂಡುಕೊಂಡು, ಕ್ಲೋರಿನ್ ದ್ರಾವಣದಿಂದ ಕೈ ತೊಳೆಯುವ ನಿಯಮವನ್ನು ಜಾರಿಗೆ ತಂದವರು. ಈ ಕ್ರಮದಿಂದ ಸಾವಿನ ಪ್ರಮಾಣ ಕೆಲವೇ ವಾರಗಳಲ್ಲಿ ಗಣನೀಯವಾಗಿ ಇಳಿಯಿತು. ಆದರೆ ತಮ್ಮ ಸಂಶೋಧನೆಯ ಪೂರ್ಣ ವಿವರಗಳನ್ನು ಅವರು ಗ್ರಂಥರೂಪದಲ್ಲಿ ಪ್ರಕಟಿಸಿದ್ದು ಸುಮಾರು 13 ವರ್ಷಗಳ ಬಳಿಕ. ಅಷ್ಟು ಕಾಲ ವೈದ್ಯಲೋಕಕ್ಕೆ ತಲುಪಿದ್ದು ಸ್ನೇಹಿತರು ಬರೆದ ಅರೆಬರೆ ವರದಿಗಳು ಮಾತ್ರ. ಆದ್ದರಿಂದ ಸೆಮ್ಮೆಲ್‌ವೈಸ್ ಅವರ ಜೀವನವನ್ನು ಕೈ ತೊಳೆಯುವಿಕೆಯ ಇತಿಹಾಸದ ಭಾಗವಾಗಿ ಮಾತ್ರವಲ್ಲದೆ, ಆರೋಗ್ಯ ಸಂಶೋಧನೆಯನ್ನು ಸ್ಪಷ್ಟವಾಗಿ, ಸಂಪೂರ್ಣವಾಗಿ, ಸಕಾಲದಲ್ಲಿ ವರದಿ ಮಾಡುವ ವಿಷಯದ ಒಂದು ಪ್ರಮುಖ ನಿದರ್ಶನವಾಗಿಯೂ ಅಧ್ಯಯನ ಮಾಡಲಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಸೆಮ್ಮೆಲ್‌ವೈಸ್ ಡಾನ್ಯೂಬ್ ನದಿಯ ದಡದಲ್ಲಿರುವ ಬುಡಾ ಪಟ್ಟಣದ ಟಬಾನ್ ಎಂಬ ಬಡಾವಣೆಯಲ್ಲಿ ಜನಿಸಿದರು. ಬುಡಾ ಮತ್ತು ಪೆಸ್ಟ್ ಆಗ ಬೇರೆ ಬೇರೆ ಪಟ್ಟಣಗಳಾಗಿದ್ದವು. ಅವು ಕೂಡಿ ಬುಡಾಪೆಸ್ಟ್ ಆದದ್ದು ಸೆಮ್ಮೆಲ್‌ವೈಸ್ ತೀರಿಕೊಂಡ ಮೇಲೆ. ತಂದೆ ಯೋಸೆಫ್ ದಿನಸಿ ವ್ಯಾಪಾರಿ, ಅನುಕೂಲಸ್ಥರು. ತಾಯಿ ತೆರೇಸಾ ಮ್ಯೂಲರ್. ಇಗ್ನಾಜ್ ಅವರ ಐದನೆಯ ಮಗು. ಮನೆಯಲ್ಲಿ ಜರ್ಮನ್ ಭಾಷೆಯ ಒಂದು ಉಪಭಾಷೆಯನ್ನು ಆಡುತ್ತಿದ್ದರು.

1837ರಲ್ಲಿ ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋದ ಇಗ್ನಾಜ್ ಮರುವರ್ಷವೇ ವೈದ್ಯಶಾಸ್ತ್ರಕ್ಕೆ ಬದಲಾಯಿಸಿಕೊಂಡರು. ನಡುವೆ ಸ್ವಲ್ಪ ಕಾಲ ಪೆಸ್ಟ್‌ನಲ್ಲಿ ಓದಿ, 1844ರಲ್ಲಿ ವಿಯೆನ್ನಾದಲ್ಲಿ ವೈದ್ಯಪದವಿ ಪಡೆದರು. ಆಗ ಅಲ್ಲಿನ ವೈದ್ಯಶಾಲೆಯು ಯುರೋಪಿನಲ್ಲಿಯೇ ಹೆಸರುವಾಸಿಯಾಗಿತ್ತು. ರೋಗದ ಕುರುಹನ್ನು ಶವಪರೀಕ್ಷೆಯಲ್ಲಿ ಹುಡುಕುವ ಪದ್ಧತಿಯನ್ನು ಬೆಳೆಸಿದ ಕಾರ್ಲ್ ಫಾನ್ ರೋಕಿಟಾನ್ಸ್ಕಿ, ಎದೆಯ ರೋಗಗಳ ಪರೀಕ್ಷೆಯಲ್ಲಿ ಪರಿಣತರಾದ ಯೋಸೆಫ್ ಸ್ಕೋಡಾ, ಚರ್ಮರೋಗ ತಜ್ಞ ಫರ್ಡಿನಾಂಡ್ ಹೆಬ್ರಾ ಈ ಮೂವರೂ ಸೆಮ್ಮೆಲ್‌ವೈಸ್ ಅವರಿಗೆ ಗುರುಗಳೂ ಹಿತೈಷಿಗಳೂ ಆಗಿದ್ದರು. ಸ್ಕೋಡಾ ಅವರ ಬಳಿ ಸಹಾಯಕ ಹುದ್ದೆ ದೊರೆಯದೆ ಹೋದದ್ದರಿಂದ ಸೆಮ್ಮೆಲ್‌ವೈಸ್ ಪ್ರಸೂತಿ ಶಾಸ್ತ್ರದ ಕಡೆ ಹೊರಳಿದರು. ಸಿಗದೆ ಹೋದ ಆ ಒಂದು ಹುದ್ದೆಯೇ ಅವರ ಜೀವನದ ದಿಕ್ಕನ್ನು ನಿರ್ಧರಿಸಿತು.

ವಿಯೆನ್ನಾದ ಎರಡು ಹೆರಿಗೆ ವಿಭಾಗಗಳು

ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯನ್ನು ಚಕ್ರವರ್ತಿ ಎರಡನೆಯ ಜೋಸೆಫ್ 1784ರಲ್ಲಿ ಆರಂಭಿಸಿದ್ದರು. ಅದರ ಹೆರಿಗೆ ವಾರ್ಡುಗಳಿಗೆ ಬರುತ್ತಿದ್ದವರು ಬಹುಪಾಲು ಬಡ ಹೆಂಗಸರು ಮತ್ತು ಅವಿವಾಹಿತ ತಾಯಂದಿರು. ಉಚಿತ ಆರೈಕೆಗೆ ಪ್ರತಿಯಾಗಿ ವಿದ್ಯಾರ್ಥಿಗಳ ಕಲಿಕೆಗೆ ಅವರು ಒಳಪಡಬೇಕಾಗಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. 1840ರ ಆದೇಶವೊಂದರ ನಂತರ ಮೊದಲನೆಯ ವಿಭಾಗದಲ್ಲಿ ವೈದ್ಯ ವಿದ್ಯಾರ್ಥಿಗಳಿಗೂ, ಎರಡನೆಯದರಲ್ಲಿ ಸೂಲಗಿತ್ತಿಯರಿಗೂ ತರಬೇತಿ ನಡೆಯುತ್ತಿತ್ತು. ಗರ್ಭಿಣಿಯರನ್ನು ದಿನ ಬಿಟ್ಟು ದಿನ ಸರದಿಯಂತೆ ಎರಡೂ ವಿಭಾಗಗಳಿಗೆ ದಾಖಲು ಮಾಡಿಕೊಳ್ಳಲಾಗುತ್ತಿತ್ತು. ಯಾರು ಯಾವ ವಿಭಾಗಕ್ಕೆ ಹೋಗಬೇಕು ಎಂಬುದನ್ನು ಅವರ ಆರೋಗ್ಯವಾಗಲಿ ಅಂತಸ್ತಾಗಲಿ ನಿರ್ಧರಿಸುತ್ತಿರಲಿಲ್ಲ, ಅವರು ಬಂದ ದಿನ ನಿರ್ಧರಿಸುತ್ತಿತ್ತು. ಆಡಳಿತದ ಅನುಕೂಲಕ್ಕಾಗಿ ಮಾಡಿದ ಈ ಏರ್ಪಾಡು, ಯಾರೂ ಉದ್ದೇಶಿಸದೆಯೇ, ಒಂದು ಉತ್ತಮ ತುಲನಾತ್ಮಕ ಪ್ರಯೋಗದ ರೂಪ ಪಡೆಯಿತು.

ಜುಲೈ 1, 1846ರಂದು ಸೆಮ್ಮೆಲ್‌ವೈಸ್ ಮೊದಲನೆಯ ವಿಭಾಗದಲ್ಲಿ ಪ್ರಾಧ್ಯಾಪಕ ಯೋಹಾನ್ ಕ್ಲೈನ್ ಅವರ ಸಹಾಯಕರಾಗಿ ಸೇರಿದರು. ಎರಡು ವಿಭಾಗಗಳ ನಡುವಣ ವ್ಯತ್ಯಾಸ ನಗರಕ್ಕೆಲ್ಲ ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಹಾಕಬೇಡಿರೆಂದು ಗರ್ಭಿಣಿಯರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ಎಂದರೆ ಶೇಕಡಾ 11.4. ಅದೇ ವರ್ಷ ಎರಡನೆಯ ವಿಭಾಗದಲ್ಲಿ 3,754 ಹೆರಿಗೆಗಳಿಗೆ 105 ಸಾವುಗಳು, ಶೇಕಡಾ 2.8. 1841ರಿಂದ 1846ರವರೆಗಿನ ಆರು ವರ್ಷಗಳನ್ನು ಒಟ್ಟಿಗೆ ನೋಡಿದರೆ ಮೊದಲನೆಯದರಲ್ಲಿ 20,042 ಹೆರಿಗೆಗಳಿಗೆ 1,989 ಸಾವು, ಎರಡನೆಯದರಲ್ಲಿ 17,791ಕ್ಕೆ 691.

ಈ ಲೆಕ್ಕವೂ ಪೂರ್ತಿಯಲ್ಲ ಎಂಬುದನ್ನು ಸೆಮ್ಮೆಲ್‌ವೈಸ್ ಗಮನಿಸಿದರು. ಜ್ವರ ಏರಿದ ಅನೇಕ ಬಾಣಂತಿಯರನ್ನು ಮೊದಲನೆಯ ವಿಭಾಗದಿಂದ ಸಾಮಾನ್ಯ ಆಸ್ಪತ್ರೆಗೆ ವರ್ಗಾಯಿಸಲಾಗುತ್ತಿತ್ತು. ಅವರು ಅಲ್ಲಿ ಸತ್ತರೆ ಆ ಸಾವು ಸಾಮಾನ್ಯ ಆಸ್ಪತ್ರೆಯ ಪುಸ್ತಕದಲ್ಲಿ ಸೇರುತ್ತಿತ್ತೇ ಹೊರತು ಹೆರಿಗೆ ವಿಭಾಗದ ಪುಸ್ತಕದಲ್ಲಿ ಅಲ್ಲ. ಎರಡನೆಯ ವಿಭಾಗದಿಂದ ಇಂತಹ ವರ್ಗಾವಣೆ ಅಪರೂಪವಾಗಿತ್ತು. ಹೀಗಾಗಿ ದಾಖಲೆಯಲ್ಲಿ ಕಾಣುವ ಅಂತರಕ್ಕಿಂತ ನಿಜವಾದ ಅಂತರ ದೊಡ್ಡದಾಗಿತ್ತು. ಅಂಕಿಗಳನ್ನು ಕೊಡುವುದರ ಜೊತೆಗೆ ಆ ಅಂಕಿಗಳಿಂದ ಯಾರು ಬಿಟ್ಟುಹೋಗಿದ್ದಾರೆ ಎಂದು ಹೇಳುವುದು ಆ ಕಾಲದ ವೈದ್ಯ ಬರಹಗಳಲ್ಲಿ ವಿರಳ.

ಕಾರಣದ ಹುಡುಕಾಟ

ಕನ್ನಡನಾಡಿನ ಹಿರಿಯರು ಬಾಣಂತಿ ಸನ್ನಿ ಎಂದು ಹೆದರುತ್ತಿದ್ದ ಕಾಯಿಲೆಗೆ ಯುರೋಪಿನ ವೈದ್ಯರೂ ಆಗ ಖಚಿತವಾದ ಕಾರಣ ಹೇಳಲಾರದಾಗಿದ್ದರು. ವಾತಾವರಣದ, ಭೂಮಿಯ, ನಕ್ಷತ್ರಗಳ ಪ್ರಭಾವ ಎಂಬ ಅಸ್ಪಷ್ಟ ವಿವರಣೆಯೇ ಹೆಚ್ಚು ಪ್ರಚಲಿತವಾಗಿತ್ತು. ಒಂದೇ ನಗರದ, ಒಂದೇ ಆಸ್ಪತ್ರೆಯ, ಅಕ್ಕಪಕ್ಕದ ಎರಡು ವಿಭಾಗಗಳಲ್ಲಿ ವಾತಾವರಣ ಬೇರೆಬೇರೆಯಾಗಿರಲು ಸಾಧ್ಯವಿಲ್ಲವೆಂದು ಸೆಮ್ಮೆಲ್‌ವೈಸ್ ಆ ವಿವರಣೆಯನ್ನು ಕೈಬಿಟ್ಟರು. ಜನದಟ್ಟಣೆಯೇ ಕಾರಣವೆನ್ನೋಣವೆಂದರೆ, ಹೆಂಗಸರು ಮೊದಲನೆಯ ವಿಭಾಗಕ್ಕೆ ಹೆದರಿ ಎರಡನೆಯದನ್ನು ಬಯಸುತ್ತಿದ್ದುದರಿಂದ ಅಲ್ಲಿಯೇ ದಟ್ಟಣೆ ಹೆಚ್ಚು. ಆಹಾರ, ಗಾಳಿ, ಹಾಸಿಗೆಗಳಲ್ಲಿಯೂ ಈ ಅಂತರವನ್ನು ವಿವರಿಸಬಲ್ಲ ಭೇದ ಕಾಣಲಿಲ್ಲ.

ಆಸ್ಪತ್ರೆಗೆ ಬರುವ ದಾರಿಯಲ್ಲಿ, ಬೀದಿಯಲ್ಲಿಯೇ ಹೆರಿಗೆಯಾಗಿ ನಂತರ ದಾಖಲಾದ ಹೆಂಗಸರಿಗೆ ಈ ಜ್ವರ ಬರುವುದು ಕಡಿಮೆ ಎಂಬುದೂ ಅವರ ಕಣ್ಣಿಗೆ ಬಿತ್ತು. ಆರೈಕೆಯೇ ಇಲ್ಲದ ಬೀದಿಯ ಹೆರಿಗೆಗಿಂತ ವೈದ್ಯರ ಕೈಯ ಹೆರಿಗೆ ಅಪಾಯಕರವಾಗುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಇದಕ್ಕೆ ಪ್ರತಿಯಾಗಿ, ಹೆರಿಗೆಯ ಮೊದಲ ಹಂತ ದೀರ್ಘವಾಗಿ ಎಳೆದವರು ಮೊದಲನೆಯ ವಿಭಾಗದಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಾಯಿಲೆ ಬೀಳುತ್ತಿದ್ದರು. ಹೆರಿಗೆ ನಿಧಾನವಾದಷ್ಟೂ ವಿದ್ಯಾರ್ಥಿಗಳು ಒಳಪರೀಕ್ಷೆ ಮಾಡುವ ಸಂದರ್ಭಗಳು ಹೆಚ್ಚು ಎಂಬುದರ ಅರ್ಥ ಅವರಿಗೆ ಹೊಳೆದದ್ದು ಆಮೇಲೆ.

ಕೆಲವು ಊಹೆಗಳನ್ನು ಅವರು ಪ್ರಯೋಗ ಮಾಡಿಯೇ ನೋಡಿದರು. ಸಾಯುವ ಹೆಂಗಸರಿಗೆ ಕೊನೆಯ ಸಂಸ್ಕಾರ ನೀಡಲು ಬರುವ ಪಾದ್ರಿ ಮೊದಲನೆಯ ವಿಭಾಗದ ವಾರ್ಡುಗಳನ್ನು ದಾಟಿ ಹೋಗಬೇಕಾಗಿತ್ತು. ಅವರ ಮುಂದೆ ಒಬ್ಬ ಸೇವಕ ಗಂಟೆ ಬಾರಿಸುತ್ತ ನಡೆಯುತ್ತಿದ್ದ. ಆ ಸದ್ದಿನ ಭಯವೇ ಜ್ವರಕ್ಕೆ ಕಾರಣವೆಂದು ಕೆಲವರು ನಂಬಿದ್ದರು. ಪಾದ್ರಿಯನ್ನು ಒಪ್ಪಿಸಿ, ಗಂಟೆಯಿಲ್ಲದೆ, ಬೇರೆ ದಾರಿಯಿಂದ ಬರುವಂತೆ ಮಾಡಲಾಯಿತು. ಸಾವು ಕಡಿಮೆಯಾಗಲಿಲ್ಲ. ಎರಡನೆಯ ವಿಭಾಗದಲ್ಲಿ ಹೆಂಗಸರು ಮಗ್ಗುಲಾಗಿ ಮಲಗಿ ಹೆರುತ್ತಿದ್ದರು. ಮೊದಲನೆಯದರಲ್ಲಿಯೂ ಹಾಗೆಯೇ ಮಾಡಿಸಿ ನೋಡಿದರು. ಅದರಿಂದಲೂ ಪ್ರಯೋಜನವಾಗಲಿಲ್ಲ. ಫಲಿಸದ ಈ ಪ್ರಯತ್ನಗಳನ್ನು ಸೆಮ್ಮೆಲ್‌ವೈಸ್ ಮುಂದೆ ತಮ್ಮ ಗ್ರಂಥದಲ್ಲಿ ಮರೆಮಾಚದೆ ದಾಖಲಿಸಿದ್ದಾರೆ. ಅವರ ತರ್ಕವನ್ನು ಇಂದಿನ ಓದುಗರು ಹೆಜ್ಜೆ ಹೆಜ್ಜೆಯಾಗಿ ಅನುಸರಿಸಬಹುದಾದದ್ದು ಈ ಪ್ರಾಮಾಣಿಕತೆಯಿಂದಲೇ.

1846ರ ಅಕ್ಟೋಬರ್‌ನಲ್ಲಿ ಹಿಂದಿನ ಸಹಾಯಕರು ಮರಳಿ ಬಂದುದರಿಂದ ಸೆಮ್ಮೆಲ್‌ವೈಸ್ ಕೆಲವು ತಿಂಗಳು ಹುದ್ದೆ ಬಿಡಬೇಕಾಯಿತು. ಡಬ್ಲಿನ್ನಿನ ಹೆರಿಗೆ ಆಸ್ಪತ್ರೆಯನ್ನು ನೋಡುವ ಇಚ್ಛೆಯಿಂದ ಇಂಗ್ಲಿಷ್ ಕಲಿಯತೊಡಗಿದರು. 1847ರ ಮಾರ್ಚ್‌ನಲ್ಲಿ ಸ್ನೇಹಿತರೊಡನೆ ವೆನಿಸ್‌ಗೆ ಹೋಗಿ ಮರಳಿ ಹುದ್ದೆಗೆ ಸೇರುವ ಹೊತ್ತಿಗೆ ಆಘಾತಕರ ಸುದ್ದಿಯೊಂದು ಕಾದಿತ್ತು. ಅವರ ಆತ್ಮೀಯರಾಗಿದ್ದ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ ಯಾಕೋಬ್ ಕೊಲ್ಲೆಚ್ಕಾ ಮಾರ್ಚ್ 13ರಂದು ತೀರಿಕೊಂಡಿದ್ದರು. ಶವಪರೀಕ್ಷೆಯ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಗಾಯ ನಂಜೇರಿ ಅವರು ಸತ್ತರು. ಕೊಲ್ಲೆಚ್ಕಾ ಅವರ ಶವಪರೀಕ್ಷೆಯ ವರದಿಯನ್ನು ಓದಿದ ಸೆಮ್ಮೆಲ್‌ವೈಸ್ ಅವರಿಗೆ, ತಾವು ನೂರಾರು ಬಾಣಂತಿಯರ ದೇಹದಲ್ಲಿ ಕಂಡಿದ್ದ ಬದಲಾವಣೆಗಳೇ ಅಲ್ಲಿಯೂ ಕಂಡುಬಂದವು. ಕೊಲ್ಲೆಚ್ಕಾ ಅವರನ್ನು ಕೊಂದದ್ದು ಚಾಕುವಿನ ಗಾಯವಲ್ಲ, ಚಾಕುವಿಗೆ ಅಂಟಿದ್ದ ಶವದ ಕಣಗಳು ಎಂದಾದರೆ, ಅವೇ ಕಣಗಳು ಬಾಣಂತಿಯರಿಗೆ ತಲುಪುವ ದಾರಿ ಯಾವುದು? ಉತ್ತರ ಸ್ಪಷ್ಟವಾಗಿತ್ತು. ವಿದ್ಯಾರ್ಥಿಗಳು, ಅವರೊಡನೆ ಸ್ವತಃ ಸೆಮ್ಮೆಲ್‌ವೈಸ್, ಬೆಳಿಗ್ಗೆ ಶವಾಗಾರದಲ್ಲಿ ಕೆಲಸ ಮಾಡಿ ಅಲ್ಲಿಂದ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೋಪಿನಿಂದ ಕೈ ತೊಳೆದರೂ ಶವದ ವಾಸನೆ ಹೋಗುತ್ತಿರಲಿಲ್ಲ. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ.

ಕ್ಲೋರಿನ್ ದ್ರಾವಣ

1847ರ ಮೇ ತಿಂಗಳ ಮಧ್ಯದಿಂದ, ಬಾಣಂತಿಯನ್ನು ಪರೀಕ್ಷಿಸುವ ಮೊದಲು ಪ್ರತಿಯೊಬ್ಬರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ನಿಯಮ ಜಾರಿಗೆ ಬಂತು. ಅದು ದುಬಾರಿಯೆನಿಸಿದ್ದರಿಂದ ನಂತರ ಚೆಲುವೆ ಪುಡಿಯ ದ್ರಾವಣವನ್ನು ಬಳಸಲಾಯಿತು. ಶವದ ವಾಸನೆಯನ್ನು ಅದು ತೊಲಗಿಸುತ್ತಿತ್ತು, ಆದ್ದರಿಂದ ಕಣಗಳನ್ನೂ ತೊಲಗಿಸಬಹುದು ಎಂಬುದು ಅವರ ಎಣಿಕೆ. ಸೂಕ್ಷ್ಮಜೀವಿಗಳ ಕಲ್ಪನೆ ಆಗಿನ್ನೂ ವೈದ್ಯಶಾಸ್ತ್ರಕ್ಕೆ ಬಂದಿರಲಿಲ್ಲ.

ಪರಿಣಾಮವನ್ನು ತಿಂಗಳ ಅಂಕಿಗಳೇ ತೋರುತ್ತವೆ. ಏಪ್ರಿಲ್‌ನಲ್ಲಿ 312 ಹೆರಿಗೆಗಳಿಗೆ 57 ಸಾವುಗಳಾಗಿದ್ದವು. ಮೇ ತಿಂಗಳಲ್ಲಿ 294ಕ್ಕೆ 36. ಜೂನ್‌ನಲ್ಲಿ 268ಕ್ಕೆ 6, ಜುಲೈನಲ್ಲಿ 250ಕ್ಕೆ 3, ಆಗಸ್ಟ್‌ನಲ್ಲಿ 264ಕ್ಕೆ 5. ಮರುವರ್ಷ, 1848ರಲ್ಲಿ, ಮೊದಲನೆಯ ವಿಭಾಗದಲ್ಲಿ 3,556 ಹೆರಿಗೆಗಳಿಗೆ 45 ಸಾವು, ಎರಡನೆಯದರಲ್ಲಿ 3,319ಕ್ಕೆ 43. ಎರಡೂ ವಿಭಾಗಗಳು ಸಮವಾದವು. ಆ ವರ್ಷದ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮೊದಲನೆಯ ವಿಭಾಗದಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ.

ಆದರೆ 1847ರ ಅಕ್ಟೋಬರ್‌ನಲ್ಲಿ ಒಂದು ಹಿನ್ನಡೆಯಾಗಿತ್ತು. ಗರ್ಭಾಶಯದ ಕ್ಯಾನ್ಸರ್‌ನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳು ಸಾಲಿನ ಮೊದಲ ಹಾಸಿಗೆಯಲ್ಲಿದ್ದಳು. ಅವಳನ್ನು ಪರೀಕ್ಷಿಸಿದವರು ಬರಿಯ ಸೋಪಿನಲ್ಲಿ ಕೈ ತೊಳೆದು ಮುಂದಿನ ಹಾಸಿಗೆಗಳಿಗೆ ಹೋದರು. ಆಗ ಹೆತ್ತ 12 ಮಂದಿಯಲ್ಲಿ 11 ಮಂದಿ ಸತ್ತರು. ಮುಂದಿನ ತಿಂಗಳು ಮೊಣಕಾಲಿನ ಮೂಳೆ ಕೊಳೆತು ಕೀವು ಸುರಿಸುತ್ತಿದ್ದ ಮತ್ತೊಬ್ಬ ರೋಗಿಯಿಂದಲೂ ಜ್ವರ ಹಬ್ಬಿತು. ಶವದ ಕಣಗಳು ಮಾತ್ರವಲ್ಲ, ಕೊಳೆಯುತ್ತಿರುವ ಯಾವುದೇ ಜೈವಿಕ ವಸ್ತುವೂ ಈ ಜ್ವರವನ್ನು ತರಬಲ್ಲದು, ಅದು ಬದುಕಿರುವ ರೋಗಿಯಿಂದಲೂ ಬರಬಹುದು ಎಂದು ಸೆಮ್ಮೆಲ್‌ವೈಸ್ ತಮ್ಮ ಸಿದ್ಧಾಂತವನ್ನು ವಿಸ್ತರಿಸಿಕೊಂಡರು. ಅಂದಿನಿಂದ ಒಬ್ಬೊಬ್ಬ ರೋಗಿಯನ್ನು ಪರೀಕ್ಷಿಸಿದ ಮೇಲೂ ಕ್ಲೋರಿನ್‌ನಲ್ಲಿ ಕೈ ತೊಳೆಯುವುದು ನಿಯಮವಾಯಿತು.

ಇತರರು ಬರೆದ ವರದಿಗಳು

ಇಂತಹ ಸಂಶೋಧನೆಯನ್ನು ಮಾಡಿದವರು ತಕ್ಷಣ ಬರೆದು ಪ್ರಕಟಿಸಬೇಕಾಗಿತ್ತು. ಸೆಮ್ಮೆಲ್‌ವೈಸ್ ಬರೆಯಲಿಲ್ಲ. ಬರವಣಿಗೆಯೆಂದರೆ ತಮಗೆ ಹುಟ್ಟಿನಿಂದಲೇ ಒಲ್ಲದ ಕೆಲಸ ಎಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಅವರ ಪರವಾಗಿ ಹೆಬ್ರಾ ವಿಯೆನ್ನಾ ವೈದ್ಯ ಸಂಘದ ಪತ್ರಿಕೆಯಲ್ಲಿ 1847ರ ಡಿಸೆಂಬರ್ ಮತ್ತು 1848ರ ಏಪ್ರಿಲ್‌ನಲ್ಲಿ ಎರಡು ಚಿಕ್ಕ ಟಿಪ್ಪಣಿಗಳನ್ನು ಪ್ರಕಟಿಸಿದರು. ಸಿಡುಬಿನ ಲಸಿಕೆ ಕಂಡುಹಿಡಿದ ಜೆನ್ನರ್ ಅವರ ಸಾಧನೆಗೆ ಇದನ್ನು ಹೋಲಿಸಿದರು. ವಿದ್ಯಾರ್ಥಿಗಳು ಮತ್ತು ಸ್ನೇಹಿತರು ಹೊರದೇಶಗಳ ಪ್ರಾಧ್ಯಾಪಕರಿಗೆ ಪತ್ರಗಳನ್ನು ಬರೆದರು. 1848ರಲ್ಲಿ ರೂತ್ ಎಂಬ ಆಂಗ್ಲ ವೈದ್ಯರು ಲಂಡನ್ನಿನ ವೈದ್ಯ ಸಂಘದ ಸಭೆಯಲ್ಲಿ ಈ ವಿಷಯ ಮಂಡಿಸಿದರು. 1849ರ ಅಕ್ಟೋಬರ್‌ನಲ್ಲಿ ಸ್ಕೋಡಾ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಉಪನ್ಯಾಸ ನೀಡಿದರು.

ಎಲ್ಲರೂ ಒಳ್ಳೆಯ ಉದ್ದೇಶದಿಂದಲೇ ಬರೆದವರು. ಆದರೂ ಹಾನಿಯಾದದ್ದು ಇಲ್ಲಿಯೇ. ಹೊರಗೆ ಹೋದ ವರದಿಗಳು ಶವದ ಕಣಗಳ ಮಾತಿಗೆ ಒತ್ತು ಕೊಟ್ಟವು. ಬದುಕಿರುವ ರೋಗಿಯ ಕೀವಿನಿಂದಲೂ ಜ್ವರ ಬರುತ್ತದೆಂಬ ಮುಖ್ಯವಾದ ಅಂಶ ಮಸುಕಾಯಿತು. ಇದರಿಂದ ಶವಪರೀಕ್ಷೆಯೇ ನಡೆಯದ ಆಸ್ಪತ್ರೆಗಳ ವೈದ್ಯರು, ನಮ್ಮಲ್ಲಿಯೂ ಜ್ವರವಿದೆ, ಆದ್ದರಿಂದ ಈ ಸಿದ್ಧಾಂತ ತಪ್ಪು ಎಂದು ತೀರ್ಮಾನಿಸಿದರು. ಎಡಿನ್‌ಬರೋದ ಪ್ರಸಿದ್ಧ ಪ್ರಸೂತಿ ತಜ್ಞ ಜೇಮ್ಸ್ ಸಿಂಪ್ಸನ್, ಇದು ಬ್ರಿಟನ್ನಿನಲ್ಲಿ ಮೊದಲೇ ತಿಳಿದಿದ್ದ ಅಂಟುರೋಗದ ವಾದವೇ ಎಂದು ಭಾವಿಸಿ ಮೊದಲಿಗೆ ಉಪೇಕ್ಷಿಸಿದರು. ಅವರ ಭಾವನೆಗೆ ಆಧಾರವಿಲ್ಲದೆ ಇರಲಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲಿಯೇ, ಯಾವ ಬಾಣಂತಿಗೆ ಯಾರು ಹೆರಿಗೆ ಮಾಡಿಸಿದರೆಂಬ ಕೋಷ್ಟಕ ಸಮೇತ, ಈ ಜ್ವರವನ್ನು ವೈದ್ಯರೂ ಸೂಲಗಿತ್ತಿಯರೂ ಮನೆಯಿಂದ ಮನೆಗೆ ಒಯ್ಯುತ್ತಾರೆಂದು ತೋರಿಸಿದ್ದರು. ಆ ವೈದ್ಯರ ಸಾಲಿನಲ್ಲಿ ತಮ್ಮ ಹೆಸರನ್ನೂ ಅವರು ಸೇರಿಸಿದ್ದರು. ಬಾಸ್ಟನ್ನಿನ ಆಲಿವರ್ ವೆಂಡೆಲ್ ಹೋಮ್ಸ್ 1843ರಲ್ಲಿ ಅದೇ ವಾದವನ್ನು ಮುಂದಿಟ್ಟಿದ್ದರು. ಸೆಮ್ಮೆಲ್‌ವೈಸ್ ಅವರ ವಾದಕ್ಕೂ ಇವಕ್ಕೂ ಇದ್ದ ವ್ಯತ್ಯಾಸವನ್ನು ಯಾವ ವರದಿಯೂ ವಿವರಿಸಿರಲಿಲ್ಲ.

ಕೋಪನ್‌ಹೇಗನ್ನಿನ ಹೆರಿಗೆ ಆಸ್ಪತ್ರೆಯ ಮುಖ್ಯಸ್ಥ ಕಾರ್ಲ್ ಲೆವಿ 1848ರಲ್ಲಿ ಬರೆದ ಟೀಕೆಯಲ್ಲಿ, ಕೆಲವೇ ತಿಂಗಳ ಅಂಕಿಗಳಿಂದ ಹೀಗೆ ತೀರ್ಮಾನಿಸಬಹುದೇ, ಇಂತಹ ಜ್ವರ ತಾನಾಗಿಯೇ ಏರಿ ಇಳಿಯುವುದಿಲ್ಲವೇ ಎಂಬ ಸಂದೇಹಗಳನ್ನು ಎತ್ತಿದರು. ಲೆವಿ ಅವರನ್ನು ಸತ್ಯದ ಶತ್ರುವೆಂದು ಚಿತ್ರಿಸುವುದು ವಾಡಿಕೆ. ಆದರೆ ಅವರ ಕೈಯಲ್ಲಿದ್ದದ್ದು ಒಂದು ಪತ್ರದ ಸಾರಾಂಶ ಮಾತ್ರ. ವರ್ಷವರ್ಷದ ಕೋಷ್ಟಕಗಳು, ಎರಡು ವಿಭಾಗಗಳ ಹೋಲಿಕೆ, ಬೀದಿ ಹೆರಿಗೆಗಳ ವಿವರ ಇವೆಲ್ಲ ಇನ್ನೂ ವಿಯೆನ್ನಾದ ದಾಖಲೆಪುಸ್ತಕಗಳಲ್ಲಿಯೇ ಇದ್ದವು. ಅಷ್ಟು ಮಾತ್ರ ತಿಳಿದ ಎಚ್ಚರದ ಓದುಗನೊಬ್ಬ ಕೇಳಬೇಕಾದ ಪ್ರಶ್ನೆಗಳನ್ನೇ ಅವರು ಕೇಳಿದ್ದರು.

ಕೀಲ್ ನಗರದ ಗುಸ್ತಾವ್ ಮಿಖಾಯೆಲಿಸ್ ಅವರ ಕಥೆ ಬೇರೆಯೇ. ಅವರು ಸುದ್ದಿಯನ್ನು ನಂಬಿದರು. ತಮ್ಮ ಆಸ್ಪತ್ರೆಯಲ್ಲಿ ಕ್ಲೋರಿನ್ ತೊಳೆತವನ್ನು ಆರಂಭಿಸಿ ಫಲವನ್ನೂ ಕಂಡರು. ಆದರೆ ತಾವು ಪರೀಕ್ಷಿಸಿದ ನಂತರ ಬಾಣಂತಿ ಜ್ವರದಿಂದ ಸತ್ತ ಹತ್ತಿರದ ಬಂಧುವಿನ ಸಾವಿಗೆ ತಮ್ಮ ಕೈಯೇ ಕಾರಣವೆಂಬ ಅರಿವು ಅವರನ್ನು ಖಿನ್ನತೆಗೆ ದೂಡಿತು. 1848ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಈ ಸಂಶೋಧನೆಯನ್ನು ಒಪ್ಪಿಕೊಳ್ಳುವುದೆಂದರೆ ವೈದ್ಯನೊಬ್ಬ ತನ್ನ ಬಗ್ಗೆ ಏನನ್ನು ಒಪ್ಪಿಕೊಳ್ಳಬೇಕಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ವಿಯೆನ್ನಾದಿಂದ ನಿರ್ಗಮನ

1848 ಯುರೋಪಿನಾದ್ಯಂತ ಕ್ರಾಂತಿಗಳ ವರ್ಷ. ವಿಯೆನ್ನಾದ ವೈದ್ಯಶಾಲೆಯಲ್ಲಿಯೂ ಹಳಬರು, ಹೊಸಬರು ಎಂಬ ಎರಡು ಬಣಗಳಾದವು. ಕ್ಲೈನ್ ಹಳೆಯ ಬಣದವರು. ಸಾವು ಇಳಿದದ್ದಕ್ಕೆ ಹೊಸ ಗಾಳಿಯಾಟದ ವ್ಯವಸ್ಥೆಯೇ ಕಾರಣವೆಂದು ಅವರು ನಂಬಿದ್ದರು. 1849ರ ಜನವರಿಯಲ್ಲಿ ಸ್ಕೋಡಾ, ಈ ವಿಷಯವನ್ನು ಪರಿಶೀಲಿಸಲು ಒಂದು ಸಮಿತಿ ನೇಮಿಸಬೇಕೆಂದು ಸೂಚಿಸಿದರು. ಪ್ರಾಧ್ಯಾಪಕರ ಸಭೆ ಬಹುಮತದಿಂದ ಒಪ್ಪಿತು. ಕ್ಲೈನ್ ಸರ್ಕಾರಕ್ಕೆ ದೂರು ಸಲ್ಲಿಸಿದರು, ಸಮಿತಿ ರದ್ದಾಯಿತು. ಹೊರಗಿನವರು ನಂಬಬಹುದಾಗಿದ್ದ ಒಂದು ಸ್ವತಂತ್ರ ವರದಿ ಹೀಗೆ ಹುಟ್ಟುವ ಮೊದಲೇ ಇಲ್ಲವಾಯಿತು. ಅದೇ ಮಾರ್ಚ್‌ನಲ್ಲಿ ಸೆಮ್ಮೆಲ್‌ವೈಸ್ ಅವರ ಹುದ್ದೆಯ ಅವಧಿ ಮುಗಿಯಿತು. ಕ್ಲೈನ್ ಅದನ್ನು ಮುಂದುವರಿಸದೆ ಕಾರ್ಲ್ ಬ್ರೌನ್ ಎಂಬುವರನ್ನು ನೇಮಿಸಿಕೊಂಡರು. ಬ್ರೌನ್ ಮುಂದೆ ಬರೆದ ಪಠ್ಯಪುಸ್ತಕದಲ್ಲಿ ಬಾಣಂತಿ ಜ್ವರಕ್ಕೆ 30 ಕಾರಣಗಳನ್ನು ಪಟ್ಟಿ ಮಾಡಿದರು. ಶವದ ನಂಜು ಅದರಲ್ಲಿ 28ನೆಯದು.

1850ರ ಮೇ 15ರಂದು ಸೆಮ್ಮೆಲ್‌ವೈಸ್ ಕೊನೆಗೂ ವಿಯೆನ್ನಾ ವೈದ್ಯ ಸಂಘದಲ್ಲಿ ತಾವೇ ಮಾತನಾಡಿದರು. ಮುಂದಿನ ಸಭೆಗಳಲ್ಲಿ ಚರ್ಚೆ ನಡೆಯಿತು. ಆದರೆ ಆ ಉಪನ್ಯಾಸವನ್ನು ಅವರು ಲೇಖನವಾಗಿ ಬರೆದುಕೊಡಲಿಲ್ಲ. ಸಂಘದ ನಡಾವಳಿಯ ಸಂಕ್ಷಿಪ್ತ ಟಿಪ್ಪಣಿಯಷ್ಟೇ ಉಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರಿಗೆ ಬೋಧನೆಯ ಅನುಮತಿ ದೊರೆಯಿತಾದರೂ, ಗೊಂಬೆಯ ಮೇಲೆ ಮಾತ್ರ ಹೆರಿಗೆಯ ಪಾಠ ಹೇಳಬೇಕೆಂಬ ನಿರ್ಬಂಧವಿತ್ತು. ಕೆಲವೇ ದಿನಗಳಲ್ಲಿ, ತಮಗೆ ಬೆಂಬಲವಾಗಿ ನಿಂತಿದ್ದ ಸ್ನೇಹಿತರಿಗೂ ಹೇಳದೆ, ವಿಯೆನ್ನಾ ಬಿಟ್ಟು ಪೆಸ್ಟ್‌ಗೆ ಹೊರಟುಹೋದರು. ಇದರಿಂದ ಸ್ಕೋಡಾ ಬಹಳ ನೊಂದುಕೊಂಡರು.

ಪೆಸ್ಟ್‌ನಲ್ಲಿ

1851ರ ಮೇ ತಿಂಗಳಲ್ಲಿ ಪೆಸ್ಟ್‌ನ ಸೇಂಟ್ ರೋಕಸ್ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊಣೆಯನ್ನು ಸಂಬಳವಿಲ್ಲದೆ ವಹಿಸಿಕೊಂಡರು. ಆರು ವರ್ಷಗಳಲ್ಲಿ ಅಲ್ಲಿ 933 ಹೆರಿಗೆಗಳಾದವು. ಬಾಣಂತಿ ಜ್ವರದಿಂದ ಸತ್ತವರು 8 ಮಂದಿ. 1855ರಲ್ಲಿ ಪೆಸ್ಟ್ ವಿಶ್ವವಿದ್ಯಾಲಯದ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿನ ವಿಭಾಗ ಇಕ್ಕಟ್ಟಾಗಿತ್ತು. ಬಾಣಂತಿಯರ ಬಟ್ಟೆಗಳನ್ನು ಸರಿಯಾಗಿ ಒಗೆಯದೆ ಮರಳಿ ತರುವುದರಿಂದ ಜ್ವರ ಹಬ್ಬಿದಾಗ ಆಡಳಿತದೊಡನೆ ಜಗಳವಾಡಿ ಅದನ್ನು ಸರಿಪಡಿಸಿದರು. ಸೋಂಕು ಕೈಯಿಂದ ಮಾತ್ರವಲ್ಲದೆ ಬಟ್ಟೆ, ಉಪಕರಣಗಳಿಂದಲೂ ಬರುತ್ತದೆಂಬುದು ಅವರಿಗೆ ಆಗಲೇ ಖಚಿತವಾಗಿತ್ತು. 1857ರಲ್ಲಿ ಮರಿಯಾ ವೈಡನ್‌ಹೋಫರ್ ಅವರನ್ನು ವಿವಾಹವಾದರು. ಐದು ಮಕ್ಕಳು ಹುಟ್ಟಿದರೂ ಮೊದಲಿನ ಎರಡು ಶೈಶವದಲ್ಲಿಯೇ ತೀರಿಕೊಂಡವು. ಅದೇ ವರ್ಷ ಜ್ಯೂರಿಕ್ ವಿಶ್ವವಿದ್ಯಾಲಯದಿಂದ ಬಂದ ಆಹ್ವಾನವನ್ನು ಅವರು ಒಪ್ಪಲಿಲ್ಲ.

ಗ್ರಂಥ ಮತ್ತು ಬಹಿರಂಗ ಪತ್ರಗಳು

ಗೆಳೆಯ ಲಾಯೋಷ್ ಮಾರ್ಕುಷೋವ್‌ಸ್ಕಿ 1857ರಲ್ಲಿ ಹಂಗೇರಿಯನ್ ಭಾಷೆಯಲ್ಲಿ ಒಂದು ವೈದ್ಯ ವಾರಪತ್ರಿಕೆಯನ್ನು ಆರಂಭಿಸಿದ್ದರು. ಅವರ ಒತ್ತಾಯದಿಂದ ಸೆಮ್ಮೆಲ್‌ವೈಸ್ 1858ರಲ್ಲಿ ತಮ್ಮ ಉಪನ್ಯಾಸಗಳನ್ನು ಅದರಲ್ಲಿ ಪ್ರಕಟಿಸಿದರು. ಹಂಗೇರಿಯನ್ ಓದಬಲ್ಲವರು ಯುರೋಪಿನಲ್ಲಿ ಎಷ್ಟು ಮಂದಿ? ಆದ್ದರಿಂದ ಬಾಣಂತಿ ಜ್ವರದ ಕಾರಣ, ಸ್ವರೂಪ ಮತ್ತು ತಡೆಗಟ್ಟುವಿಕೆಯನ್ನು ಕುರಿತ ಜರ್ಮನ್ ಗ್ರಂಥವನ್ನು ಬರೆದರು. ಐನೂರಕ್ಕೂ ಹೆಚ್ಚು ಪುಟಗಳ ಈ ಗ್ರಂಥ 1861ರ ದಿನಾಂಕದೊಡನೆ ಹೊರಬಂತು.

ವಿಯೆನ್ನಾ ಮತ್ತು ಡಬ್ಲಿನ್ ಆಸ್ಪತ್ರೆಗಳ ದಶಕಗಳ ಅಂಕಿಗಳನ್ನು ಅದರಲ್ಲಿ ಎದುರುಬದುರಾಗಿ ಇಡಲಾಗಿದೆ. ವಿಯೆನ್ನಾದ ಪ್ರಸೂತಿ ಪ್ರಾಧ್ಯಾಪಕರಾಗಿದ್ದ ಬೋಯರ್ ಪಾಠಕ್ಕೆ ಶವಗಳನ್ನು ಬಳಸುತ್ತಿರಲಿಲ್ಲ. ಅವರ ಕೊನೆಯ ವರ್ಷವಾದ 1822ರಲ್ಲಿ 3,066 ಹೆರಿಗೆಗಳಿಗೆ 26 ಸಾವುಗಳಾಗಿದ್ದವು. ಕ್ಲೈನ್ ಬಂದು ಶವಗಳ ಮೇಲಿನ ಪಾಠ ಆರಂಭವಾದ 1823ರಲ್ಲಿ 2,872 ಹೆರಿಗೆಗಳಿಗೆ ಸಾವು 214ಕ್ಕೆ ಏರಿತು. ಶವಪರೀಕ್ಷೆ ನಡೆಯದ ಡಬ್ಲಿನ್ ಹೆರಿಗೆ ಆಸ್ಪತ್ರೆಯಲ್ಲಿ ಅಂತಹ ಏರಿಕೆ ಕಾಣುವುದಿಲ್ಲ. 1848ರಲ್ಲಿ ಲೆವಿ ಕೇಳಿದ್ದ ಪ್ರಶ್ನೆಗಳಿಗೆ ಈ ಕೋಷ್ಟಕಗಳಲ್ಲಿ ಉತ್ತರವಿತ್ತು. ಆದರೆ ಅಷ್ಟರಲ್ಲಿ ಹದಿಮೂರು ವರ್ಷಗಳು ಕಳೆದಿದ್ದವು, ಅಭಿಪ್ರಾಯಗಳು ಗಟ್ಟಿಯಾಗಿದ್ದವು.

ಗ್ರಂಥದ ರಚನೆಯೂ ಅದಕ್ಕೆ ಸಹಾಯಕವಾಗಲಿಲ್ಲ. ಮೊದಲ ಭಾಗ ಕ್ರಮಬದ್ಧವಾಗಿದೆ, ತರ್ಕ ಗಟ್ಟಿಯಾಗಿದೆ. ನಂತರದ ಭಾಗ ಎದುರಾಳಿಗಳ ಒಂದೊಂದು ಮಾತನ್ನೂ ಹಿಡಿದು ಖಂಡಿಸುವುದರಲ್ಲಿ ಬೆಳೆಯುತ್ತ ಹೋಗುತ್ತದೆ. ಒಂದೇ ವಾದ ಹಲವು ಸಲ ಬರುತ್ತದೆ. ತಾಳ್ಮೆಯಿಂದ ಓದಿದವರು ಕಡಿಮೆ. ಬಾಣಂತಿ ಜ್ವರದ ಎಲ್ಲ ಪ್ರಸಂಗಗಳಿಗೂ ಕೊಳೆತ ವಸ್ತುವೊಂದೇ ಕಾರಣ ಎಂಬ ಅವರ ನಿಲುವು ಅಂದಿನ ವೈದ್ಯರಿಗೆ ಅತಿರೇಕವೆನಿಸಿತು. ಒಂದು ರೋಗಕ್ಕೆ ಒಂದು ಅನಿವಾರ್ಯ ಕಾರಣವಿರುತ್ತದೆಂಬ ಯೋಚನೆ ಇನ್ನೂ ಬೇರೂರಿರಲಿಲ್ಲ. ಬರ್ಲಿನ್ನಿನ ರುಡಾಲ್ಫ್ ವಿರ್ಚೋ ಅವರಂತಹ ಗಣ್ಯರೂ ಈ ಸಿದ್ಧಾಂತವನ್ನು ಒಪ್ಪಲಿಲ್ಲ.

ಪ್ರತಿಕೂಲ ವಿಮರ್ಶೆಗಳಿಂದ ಕೆರಳಿದ ಸೆಮ್ಮೆಲ್‌ವೈಸ್ 1861 ಮತ್ತು 1862ರಲ್ಲಿ ಷ್ಪೇತ್, ಸ್ಕಾಂಟ್ಸೋನಿ, ಸೀಬೋಲ್ಡ್ ಎಂಬ ಪ್ರಾಧ್ಯಾಪಕರಿಗೆ, ಕೊನೆಗೆ ಎಲ್ಲ ಪ್ರಸೂತಿ ಪ್ರಾಧ್ಯಾಪಕರಿಗೆ, ಬಹಿರಂಗ ಪತ್ರಗಳನ್ನು ಅಚ್ಚು ಹಾಕಿಸಿದರು. ತಮ್ಮ ಮಾತನ್ನು ಕಡೆಗಣಿಸಿ ಪಾಠ ಹೇಳುವವರನ್ನು ಕೊಲೆಗಾರರೆಂದೇ ಕರೆದರು. ಸಾಯುತ್ತಿದ್ದ ತಾಯಂದಿರನ್ನು ಕಣ್ಣಾರೆ ಕಂಡವರ ಸಿಟ್ಟು ಅದು, ಅರ್ಥವಾಗದ ಸಿಟ್ಟಲ್ಲ. ಆದರೆ ಓಲೈಸಬೇಕಾಗಿದ್ದ ಓದುಗರನ್ನು ಅದು ಮತ್ತಷ್ಟು ದೂರ ಮಾಡಿತು.

ಕೊನೆಯ ದಿನಗಳು

1865ರ ವೇಳೆಗೆ ಸೆಮ್ಮೆಲ್‌ವೈಸ್ ಅವರ ನಡವಳಿಕೆ ಮನೆಯವರಿಗೂ ಸಹೋದ್ಯೋಗಿಗಳಿಗೂ ಆತಂಕ ತರುವಷ್ಟು ಬದಲಾಗಿತ್ತು. ಅವರ ಕಾಯಿಲೆ ಯಾವುದೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಜುಲೈ ಕೊನೆಯಲ್ಲಿ ಅವರನ್ನು ವಿಯೆನ್ನಾಕ್ಕೆ ಕರೆದೊಯ್ಯಲಾಯಿತು. ಹಳೆಯ ಮಿತ್ರ ಹೆಬ್ರಾ ತಮ್ಮ ಹೊಸ ಚಿಕಿತ್ಸಾಲಯವನ್ನು ತೋರಿಸುವ ನೆಪದಲ್ಲಿ ಅವರನ್ನು ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಿಜ ತಿಳಿದು ಹೊರಡಲು ಯತ್ನಿಸಿದಾಗ ಕಾವಲಿನವರು ಅವರನ್ನು ಹೊಡೆದು ಕಟ್ಟಿಹಾಕಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಅವರು ತೀರಿಕೊಂಡರು. ಆಗ ಅವರಿಗೆ 47 ವರ್ಷ. ಬಲಗೈಯ ಗಾಯ ಕೊಳೆತು ನಂಜು ರಕ್ತಕ್ಕೆ ಏರಿತ್ತು. ಕೊಲ್ಲೆಚ್ಕಾ ಅವರನ್ನೂ ಸಾವಿರಾರು ಬಾಣಂತಿಯರನ್ನೂ ಕೊಂದ ನಂಜು ಅದೇ ಬಗೆಯದು. ಅಂತ್ಯಕ್ರಿಯೆಗೆ ಬಂದವರು ಕೆಲವೇ ಮಂದಿ. ಪೆಸ್ಟ್‌ನಲ್ಲಿ ಅವರ ಸ್ಥಾನಕ್ಕೆ ಬಂದವರ ಕಾಲದಲ್ಲಿ ಬಾಣಂತಿಯರ ಸಾವು ಮತ್ತೆ ಹಲವು ಪಟ್ಟು ಏರಿತು.

ಮರಣಾನಂತರ

ಎರಡು ವರ್ಷಗಳ ಬಳಿಕ, 1867ರಲ್ಲಿ, ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲವನ್ನು ಬಳಸುವ ನಂಜುರೋಧಕ ಶಸ್ತ್ರಚಿಕಿತ್ಸೆಯ ಲೇಖನಗಳನ್ನು ಪ್ರಕಟಿಸಿದರು. ಸೆಮ್ಮೆಲ್‌ವೈಸ್ ಅವರ ಕೆಲಸ ಆಗ ಅವರಿಗೆ ತಿಳಿದಿರಲಿಲ್ಲ. 1879ರಲ್ಲಿ ಲೂಯಿ ಪಾಸ್ಚರ್ ಪ್ಯಾರಿಸ್ಸಿನ ವೈದ್ಯ ಅಕಾಡೆಮಿಯಲ್ಲಿ, ಬಾಣಂತಿ ಜ್ವರದಲ್ಲಿ ಕಂಡುಬರುವ ಸರಪಣಿಯಂತಹ ಸೂಕ್ಷ್ಮಜೀವಿಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು. ಇಂದು ಅದನ್ನು ಸ್ಟ್ರೆಪ್ಟೊಕಾಕಸ್ ಎಂದು ಕರೆಯುತ್ತಾರೆ.

ವಿಯೆನ್ನಾದಲ್ಲಿ ಹೂಳಲಾಗಿದ್ದ ಅಸ್ಥಿಗಳನ್ನು 1891ರಲ್ಲಿ ಬುಡಾಪೆಸ್ಟ್‌ಗೆ ತರಲಾಯಿತು. 1906ರಲ್ಲಿ ಶಿಲ್ಪಿ ಅಲಾಯೋಷ್ ಸ್ಟ್ರೋಬ್ಲ್ ಕೆತ್ತಿದ ಅವರ ಪ್ರತಿಮೆ ಅನಾವರಣಗೊಂಡಿತು. ಅದು ಈಗ ಸೇಂಟ್ ರೋಕಸ್ ಆಸ್ಪತ್ರೆಯ ಮುಂದಿದೆ. ಪಾದಪೀಠದ ಮೇಲೆ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳ ಶಿಲ್ಪವಿದೆ. ಟಬಾನ್‌ನಲ್ಲಿ ಅವರು ಹುಟ್ಟಿದ ಮನೆ 1965ರಿಂದ ವೈದ್ಯ ಇತಿಹಾಸದ ವಸ್ತುಸಂಗ್ರಹಾಲಯವಾಗಿದೆ. ಅವರ ಅಸ್ಥಿಗಳು ಈಗ ಆ ಮನೆಯ ಅಂಗಳದಲ್ಲಿಯೇ ಇವೆ. 1969ರಲ್ಲಿ ಬುಡಾಪೆಸ್ಟ್‌ನ ವೈದ್ಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲಾಯಿತು. ಅವರ ಸಂಶೋಧನೆಗೆ ಸಂಬಂಧಿಸಿದ ಮೂಲ ದಾಖಲೆಗಳನ್ನು ಯುನೆಸ್ಕೊ 2013ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು.